ಇಳಿಜಾರಿನ ಸದ್ದು

ಟಿಕ್ ಎಂದಿತು. ತುಸು ಬಿಟ್ಟು ಇನ್ನೊಮ್ಮೆ, ಟಿಕ್.

ದಿವ್ಯಾ ಕತ್ತಲಲ್ಲಿ ಕಣ್ಣು ಬಿಟ್ಟು, ಮಲಗಿದಲ್ಲಿಂದಲೇ ಕಿವಿಗೊಟ್ಟಳು. ಗೋಡೆ ಗಡಿಯಾರ ನಿಂತು ತಿಂಗಳ ಮೇಲಾಗಿತ್ತು, ಅದರದಲ್ಲ. ಹಲ್ಲಿಯದೂ ಅಲ್ಲ. ಸದ್ದು ಕಿಟಕಿಯಾಚೆಯ ಕಾಫಿ ಗೋದಾಮಿನಿಂದ ಬರುತ್ತಿತ್ತು, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ತಡವಾಗಿ. ಮೇ ತಿಂಗಳ ಕೊನೆ. ಆ ವರ್ಷದ ಪಾರ್ಚ್‌ಮೆಂಟ್ ಕಾಫಿಬೀಜವೆಲ್ಲ ಯಾವಾಗಲೋ ಲಾರಿ ಹತ್ತಿ ಹೋಗಿತ್ತು. ಗೋದಾಮಿನಲ್ಲಿ ಖಾಲಿ ಗೋಣಿಚೀಲಗಳನ್ನು ಬಿಟ್ಟರೆ ಏನೂ ಇರಲಿಲ್ಲ, ಗೋಣಿಚೀಲ ಹೀಗೆ ಸದ್ದು ಮಾಡುವುದಿಲ್ಲ.

ಪಕ್ಕದಲ್ಲಿ ರಾಜೀವ್ ಮಲಗಿದ್ದ. ಹತ್ತು ನಿಮಿಷದ ಹಿಂದಷ್ಟೇ ಬಂದು, ದೀಪ ಹಾಕದೆ ಚಾದರ ಎಳೆದುಕೊಂಡಿದ್ದ. ಜೀಪಿಗೆ ಬ್ರೇಕ್ ಕೆಲಸವಿದೆ, ವಸ್ತಾರೆಯಲ್ಲಿ ಉಮೇಶನ ಗ್ಯಾರೇಜಿನಲ್ಲಿ ಬಿಟ್ಟೆ, ಯಾರೋ ಮೇಲಿನ ರಸ್ತೆವರೆಗೆ ಕಾರಿನಲ್ಲಿ ಕರೆತಂದರು, ಅಲ್ಲಿಂದ ನಡೆದು ಬಂದೆ ಎಂದು ಅವಳು ಕೇಳುವ ಮೊದಲೇ ಹೇಳಿದ್ದ. ಆನೆ ಓಡಾಡುವ ದಾರಿಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ನಡೆದು ಬರುವ ಧೈರ್ಯ ಇವನಿಗೆ ಯಾವಾಗ ಬಂತು ಎಂದು ಅವಳು ಆಗಲೇ ಅಂದುಕೊಂಡಿದ್ದಳು. ಈಗ ಅವನ ಉಸಿರು ತೀರಾ ಅಚ್ಚುಕಟ್ಟಾಗಿತ್ತು. ನಿಜವಾಗಿ ನಿದ್ದೆ ಹೋದಾಗ ಅವನ ಉಸಿರು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಟಿಕ್.

ಆಗ ಅವಳಿಗೆ ನೆನಪಾಯಿತು. ಮೂಡಿಗೆರೆಯಲ್ಲಿ ಅವಳ ಅಪ್ಪ ಪೋಸ್ಟ್ ಮಾಸ್ಟರ್ ಆಗಿದ್ದಾಗ, ಸಂಜೆ ಅವರು ಜಗಲಿಯ ಪಕ್ಕ ನಿಲ್ಲಿಸಿದ ಬೈಕು ಹೀಗೇ ಸದ್ದು ಮಾಡುತ್ತ ತಣಿಯುತ್ತಿತ್ತು. ಕಾದ ಕಬ್ಬಿಣ ಆರುವ ಸದ್ದು. ಅದು ಕೇಳಿಸಿದರೆ ಅಪ್ಪ ಮನೆಗೆ ಬಂದಿದ್ದಾರೆ ಎಂದು ಅರ್ಥ.

ಆದರೆ ಈ ಮನೆಯಲ್ಲಿ ಈಗ ಬೈಕೇ ಇರಲಿಲ್ಲ.

ಅವನ ಉಸಿರು ಹದ ತಪ್ಪಿ ಗೊರಕೆಗೆ ತಿರುಗುವವರೆಗೆ ಕಾದು, ಟಾರ್ಚ್ ಹಿಡಿದು ಹಿಂಬಾಗಿಲಿನಿಂದ ಹೊರಗೆ ಹೋದಳು. ಗೋದಾಮಿನ ಮೂಲೆಯಲ್ಲಿ ಗೋಣಿಚೀಲಗಳ ರಾಶಿಯೊಂದು ನಿನ್ನೆ ಇಲ್ಲದ ಆಕಾರದಲ್ಲಿ ಎದ್ದು ನಿಂತಿತ್ತು. ಒಂದು ಚೀಲ ಎತ್ತಿ ಕೈಯಿಟ್ಟಳು. ಬೆರಳು ಚುರ್ರೆಂದಿತು. ರಾಜೀವನ ಹಳೆಯ ಬೈಕು, ಸೈಲೆನ್ಸರ್ ಇನ್ನೂ ಬಿಸಿಯಾಗಿತ್ತು. ಮುಂದಿನ ಟೈರಿನ ಗೀರುಗಳಲ್ಲಿ ಬಿಳಿ ಪುಡಿ ಮೆತ್ತಿಕೊಂಡಿತ್ತು. ಉಜ್ಜಿ ನೋಡಿದರೆ ಸುಣ್ಣ.

ಅವಳನ್ನು ಹೆದರಿಸಿದ್ದು ಬೈಕಲ್ಲ, ಅದು ಬಂದ ರೀತಿ. ಟಾರು ರಸ್ತೆಯಿಂದ ಮನೆಯ ಅಂಗಳಕ್ಕೆ ಒಂದು ಕಿಲೋಮೀಟರ್ ಕಡಿದಾದ ಇಳಿಜಾರು. ಆ ದಾರಿಯಲ್ಲಿ ಯಾವ ಗಾಡಿ ಇಳಿದರೂ ಗಾಡಿಗಿಂತ ಮೊದಲು ಅದರ ಸದ್ದು ಮನೆ ತಲುಪುತ್ತದೆ. ಅವಳು ಎಚ್ಚರವಾಗಿಯೇ ಇದ್ದಳು, ಏನೂ ಕೇಳಿಸಿರಲಿಲ್ಲ. ಅಂದರೆ ಅವನು ಮೇಲೆಯೇ ಇಂಜಿನ್ ಆಫ್ ಮಾಡಿ, ಕತ್ತಲಲ್ಲಿ, ಸದ್ದಿಲ್ಲದೆ ಜಾರಿಕೊಂಡು ಬಂದಿದ್ದ. ತನ್ನ ಮನೆಗೆ ತಾನೇ ಕಳ್ಳನ ಹಾಗೆ.

ಆ ಬೈಕು ಅಂಗಳ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಕಳಸದಲ್ಲಿ ನಂಟರ ಮಗುವಿನ ನಾಮಕರಣ ಮುಗಿಸಿಕೊಂಡು, ತಾಯಿ ವಿಮಲಮ್ಮನನ್ನು ಹಿಂದೆ ಕೂರಿಸಿಕೊಂಡು ಬರುವಾಗ ಘಾಟಿಯ ತಿರುವಿನಲ್ಲಿ ರಾಜೀವ್ ಚರಂಡಿಗೆ ಬಿದ್ದಿದ್ದ. ಅವನಿಗೆ ಮೊಣಕೈ ತರಚಿತ್ತು. ವಿಮಲಮ್ಮನ ಬಲಗಾಲು ಎರಡು ಕಡೆ ಮುರಿದಿತ್ತು, ಒಳಗೆ ರಾಡ್ ಹಾಕಿದ್ದರು. ಕಾಡುಹಂದಿ ಅಡ್ಡ ಬಂತು ಎಂದು ರಾಜೀವ್ ಆಸ್ಪತ್ರೆಯಲ್ಲಿ ಹೇಳಿದ. ತಾಯಿಯ ಮಂಚದ ಪಕ್ಕ ನಿಂತು, ಇನ್ನು ಬೈಕು ಮುಟ್ಟುವುದಿಲ್ಲ ಎಂದೂ ಹೇಳಿದ. ಬೈಕು ಉಮೇಶನ ಗ್ಯಾರೇಜಿಗೆ ಹೋಯಿತು. ಇಂಜಿನ್ ಬಿಚ್ಚಿದ್ದಾನೆ, ಪಾರ್ಟ್ಸ್ ಬರಬೇಕು ಎಂದು ರಾಜೀವ್ ಹೇಳುತ್ತಲೇ ಬಂದಿದ್ದ. ಯಾರೂ ಹೆಚ್ಚು ವಿಚಾರಿಸಲಿಲ್ಲ.

ಹಂದಿಯನ್ನು ಮನೆಯಲ್ಲಿ ಸಾಕಿ ಬೆಳೆಸಿದವರು ವಿಮಲಮ್ಮ. ಮೊದಲ ವಾರ ಅದು ಬರೀ ಹಂದಿ. ಕಾಲು ನೋಡಲು ಬಂದವರಿಗೆಲ್ಲ ಹೇಳುತ್ತ ಹೇಳುತ್ತ ಅದಕ್ಕೆ ಗೇಣುದ್ದದ ಕೋರೆ ಬಂತು, ಬೆನ್ನಿಗೆ ಕೆಸರು ಮೆತ್ತಿತು, ದೀಪಾವಳಿ ಹೊತ್ತಿಗೆ ಹಿಂದೆ ಎರಡು ಮರಿಗಳೂ ಸೇರಿಕೊಂಡವು. ಪಕ್ಕದ ಎಸ್ಟೇಟಿನ ಮಲ್ಲಿಕಾರ್ಜುನಪ್ಪನವರು, ಬರುವ ವರ್ಷ ನಿಮ್ಮ ಹಂದಿ ಆನೆ ಆಗಿರ್ತದೆ ಬಿಡಿ ಅಮ್ಮ ಎಂದು ನಕ್ಕಿದ್ದರು. ಹಂದಿಯ ಮಾತು ಬಂದಾಗಲೆಲ್ಲ ರಾಜೀವ್ ಮಾತ್ರ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದ. ತಪ್ಪು ತನ್ನದಲ್ಲದಿದ್ದರೂ ನಾಚಿಕೊಳ್ಳುತ್ತಾನೆ ಎಂದು ದಿವ್ಯಾ ತಿಳಿದಿದ್ದಳು.

ಈಗ ಬೈಕಿನ ವಿಷಯ ಮತ್ತೆ ಎದ್ದಿದ್ದು ಮಗಳು ಕೃತಿಕಾಳಿಂದ. ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಜೂನ್ ಮೊದಲ ವಾರ ಚಿಕ್ಕಮಗಳೂರಿನಲ್ಲಿ ಕಾಲೇಜು ಶುರು. ಏಳೂವರೆ ಬಸ್ಸು ಮೇಲಿನ ಟಾರು ರಸ್ತೆಯಲ್ಲಿ ಹೋಗುತ್ತದೆ. ಆನೆಯ ಭಯದಲ್ಲಿ ಒಂದು ಕಿಲೋಮೀಟರ್ ಒಬ್ಬಳೇ ನಡೆಯುವ ಹಾಗಿಲ್ಲ. ಆ ಹೊತ್ತಿಗೆ ಜೀಪು ಡ್ರೈವರನ ಜೊತೆ ಆಳುಗಳನ್ನು ಕರೆತರಲು ಇನ್ನೊಂದು ಕಡೆ ಹೋಗಿರುತ್ತದೆ. ಬೈಕು ರಿಪೇರಿಯಾಗಲಿ, ಬೆಳಿಗ್ಗೆ ನಾನೇ ಹತ್ತಿಸಿ ಸಂಜೆ ನಾನೇ ಇಳಿಸಿಕೊಂಡು ಬರುತ್ತೇನೆ ಎಂದು ರಾಜೀವ್ ಹೇಳಿದ್ದ. ದಿವ್ಯಾ ಬೇಡವೆಂದಳು. ಅತ್ತೆಯ ಕಾಲು ಕಣ್ಣೆದುರಿಗಿತ್ತು. ಉಳಿದಿದ್ದು ಹಾಸ್ಟೆಲ್ಲು. ಅದರ ಅರ್ಜಿ ನಾಲ್ಕು ದಿನದಿಂದ ಊಟದ ಮೇಜಿನ ಮೇಲಿತ್ತು, ಸೋಮವಾರ ಕೊಡಬೇಕಿತ್ತು. ಅಪ್ಪ ಅಥವಾ ಅಮ್ಮ ಯಾರಾದರೊಬ್ಬರು ಸಹಿ ಹಾಕಿದರೆ ಸಾಕು. ಕೃತಿಕಾ ಅದರ ಮೇಲೆ ಬೇಕೆಂದೇ ಸಾರಿನ ಪಾತ್ರೆ ಇಡುತ್ತಿದ್ದಳು. ಹುಡುಗಿಗೆ ಮನೆ ಬಿಡಲು ಇಷ್ಟವಿರಲಿಲ್ಲ, ದಿವ್ಯಾಳಿಗೆ ಕಳಿಸಲೂ ಇಷ್ಟವಿರಲಿಲ್ಲ. ಆದರೆ ಮಗಳನ್ನು ಯಾರ ಬೆನ್ನ ಹಿಂದೆ ಕೂರಿಸುತ್ತೇನೆ ಎಂಬುದು ಅವಳಿಗೆ ಖಾತ್ರಿಯಾಗಬೇಕಿತ್ತು.

ಖಾತ್ರಿಯಾಗುವ ಬದಲು ದಿನಕ್ಕೊಂದು ಅನುಮಾನ ಸೇರುತ್ತ ಬಂದಿತ್ತು. ಮೂರು ವಾರದಿಂದ ಭಾನುವಾರವಾದರೆ ಬೆಳೆಗಾರರ ಸಭೆ. ಭಾನುವಾರ ಸಭೆ ಕರೆಯುವ ಸಂಘವನ್ನು ಅವಳು ಕಂಡಿರಲಿಲ್ಲ. ಸಭೆಯಿಂದ ಬಂದವನ ಅಂಗಿಯ ಬೆನ್ನು ಬೆವರಿನಲ್ಲಿ ತೊಯ್ದಿರುತ್ತಿತ್ತು. ಅವನ ನಡಿಗೆಯೂ ಬದಲಾಗಿತ್ತು: ಅಂಗಳದ ಮೂಲೆ ತಿರುಗುವ ಮೊದಲೇ ಗದ್ದ ಎತ್ತಿ ಆ ಕಡೆ ನೋಡುತ್ತಿದ್ದ, ಅಲ್ಲಿ ಯಾರೋ ಕಾದಿರುವವರ ಹಾಗೆ. ಕಾಫಿ ಕುಡಿಯುವಾಗ ಬಲಗೈಯ ಎರಡು ಬೆರಳುಗಳಿಂದ ಲೋಟವನ್ನು ಮೆಲ್ಲಗೆ ಒತ್ತುವುದು, ಮೆಲ್ಲಗೆ ಬಿಡುವುದು. ಒಂದು ರಾತ್ರಿ ನಿದ್ದೆಯಲ್ಲಿ ಅವಳ ಮುಂಗೈಯನ್ನೇ ಹಾಗೆ ಒತ್ತಿದ್ದ. ಆ ಒತ್ತುವಿಕೆ ತನಗಾಗಿ ಅಲ್ಲ ಎಂದು ಅವಳಿಗೆ ಕೂಡಲೇ ಅನಿಸಿತ್ತು.

ಗೋದಾಮಿನಿಂದ ವಾಪಸ್ ಬಂದು ಮಲಗುವಾಗ, ಅವನ ತಲೆದಿಂಬಿನ ಪಕ್ಕ ಫೋನು ಬೆಳಗಿತು. ಅವಳು ಎಂದೂ ಗಂಡನ ಫೋನು ನೋಡಿದವಳಲ್ಲ. ಅಂದು ನೋಡಿದಳು. ಕಳಿಸಿದವರ ಹೆಸರು ‘ಅರುಣಾ ಕಳಸ’ ಎಂದಿತ್ತು.

‘ನಾಳೆ ಒಂಬತ್ತಕ್ಕೆ ಅತ್ತಿಗುಂಡಿ ಕಣಕ್ಕೆ ಬನ್ನಿ. ಉದ್ದ ತೋಳಿನ ಅಂಗಿ ಮರೀಬೇಡಿ. ಮನೇಲಿ ಇನ್ನೂ ಹೇಳಿಲ್ಲ ಅಂದ್ರಲ್ಲ, ಎಷ್ಟು ದಿನ ಮುಚ್ಚಿಡ್ತೀರಿ?’

ಫೋನಿನ ಬೆಳಕು ತಾನಾಗಿ ಆರಿತು. ಗೋದಾಮಿನ ಟಿಕ್ ಟಿಕ್ ಆಗಲೇ ನಿಂತಿತ್ತು.

ಬೆಳಿಗ್ಗೆ ಆರಕ್ಕೆ ರಾಜೀವ್ ತಾನಾಗಿಯೇ ಹೋಗಿ ನೀರಿನ ಡೀಸೆಲ್ ಮೋಟರು ಚಾಲೂ ಮಾಡಿದ. ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯಬೇಕು, ತೊಟ್ಟಿ ತುಂಬಿಸುತ್ತೇನೆ ಎಂದ. ಭಾನುವಾರ ತೊಟ್ಟಿ ತುಂಬಿಸುವ ಕೆಲಸ ಅವನದಾಗಿದ್ದು ದಿವ್ಯಾ ನೋಡಿರಲಿಲ್ಲ. ಸಭೆಗೆ ತಡವಾಯಿತು, ಬಸ್ಸಿಗೆ ಹೋಗುತ್ತೇನೆ ಎಂದು ಹಿಂಬಾಗಿಲಿನಿಂದ ಹೊರಟ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಮೋಟರಿನ ಗದ್ದಲದ ಒಳಗೆ ಇನ್ನೊಂದು ಸಣ್ಣ ಇಂಜಿನ್ ಗುರುಗುಟ್ಟಿ, ಏರು ಹತ್ತಿ, ಕರಗಿ ಹೋಯಿತು.

ಅವಳು ಮೋಟರ್ ನಿಲ್ಲಿಸಿ, ಸೀರೆ ಬದಲಿಸಿ, ಹಾಸ್ಟೆಲ್ ನೋಡಿಕೊಂಡು ಬರುತ್ತೇನೆ ಎಂದು ಅತ್ತೆಗೆ ಹೇಳಿದಳು. ವಿಮಲಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಕೃತಿಕಾ ಮಧ್ಯಾಹ್ನ ಯೂನಿಫಾರ್ಮಿನ ಅಳತೆಗೆ ವಸ್ತಾರೆಯ ಟೈಲರ್ ಹತ್ತಿರ ಹೋಗುವವಳಿದ್ದಳು, ಮಲ್ಲಿಕಾರ್ಜುನಪ್ಪನವರ ಮನೆಯವರ ಕಾರಿನಲ್ಲಿ.

“ಭಾನುವಾರ ಹಾಸ್ಟೆಲ್ ತೆಗೆದಿರ್ತದಾ?” ಎಂದಷ್ಟೇ ವಿಮಲಮ್ಮ ಕೇಳಿದರು.

“ವಾರ್ಡನ್ ಇರ್ತಾರಂತೆ ಅತ್ತೆ.”

ಮದುವೆಯಾದ ಮೇಲೆ ಅತ್ತೆಗೆ ಹೇಳಿದ ಮೊದಲ ಸುಳ್ಳೇನೂ ಅದಲ್ಲ. ಆದರೆ ಇಷ್ಟು ಸಲೀಸಾಗಿ ಬಂದ ಮೊದಲ ಸುಳ್ಳು.

ಆಳುಗಳು ಯಾರಾದರೂ ಮೇಲೆ ಹೋಗುವವರಿದ್ದಾರಾ ಎಂದು ನೋಡಿ, ಕೆಂಚಯ್ಯನನ್ನು ಜೊತೆ ಮಾಡಿಕೊಂಡು ರಸ್ತೆಗೆ ಹತ್ತಿದಳು. ಚಿಕ್ಕಮಗಳೂರಿಗೆ ಬಸ್ಸು, ಅಲ್ಲಿಂದ ಪ್ರವಾಸಿಗಳ ನಡುವೆ ಒತ್ತಿಕೊಂಡು ಜೀಪು. ದಾರಿಯುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡಳು, ಕಿತ್ತು ಮತ್ತೆ ಜೋಡಿಸಿಕೊಂಡಳು. ಕೂಗಬಾರದು. ಆ ಹೆಂಗಸಿನ ಮುಖ ನೋಡಬೇಕು, ಮೊದಲು ಅವಳಿಗೆ ನಮಸ್ಕಾರ ಹೇಳಬೇಕು, ಆಮೇಲೆ ಅವನನ್ನು ಏನೂ ಕೇಳದೆ ತಿರುಗಿ ಬರಬೇಕು. ಸಂಜೆ ಅರ್ಜಿಗೆ ಸಹಿ ಹಾಕಬೇಕು. ಮಗಳೊಬ್ಬಳನ್ನಾದರೂ ಈ ಮನೆಯಿಂದ ದೂರ ಇಡಬೇಕು.

ಅತ್ತಿಗುಂಡಿಯಲ್ಲಿ ಇಳಿದು ಅಂಗಡಿಯವನ ಹತ್ತಿರ ಕಣ ಎಲ್ಲಿ ಎಂದು ಕೇಳಿದಳು. ಅವನು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ ನಕ್ಕ.

“ಅರುಣಾ ಮೇಡಂ ಹತ್ರನಾ? ಈ ದಾರೀಲಿ ಕೆಳಗೆ ಹೋಗಿ. ಭಾನುವಾರ ಆದ್ರೆ ಗಂಡಸರೆಲ್ಲ ಅಲ್ಲೇ ಬಿದ್ದಿರ್ತಾರೆ.”

ಗಂಡಸರೆಲ್ಲ ಎಂಬ ಮಾತನ್ನು ಅಗಿಯುತ್ತ ಅವಳು ಕೆಳಗಿಳಿದಳು. ಯಾವುದೋ ದೊಡ್ಡ ಎಸ್ಟೇಟಿನ ಕಾಫಿ ಒಣಗಿಸುವ ಸಿಮೆಂಟಿನ ಕಣ. ಹಣ್ಣಿನ ಕಾಲ ಮುಗಿದ ಮೇಲೆ ಕಣಗಳು ಖಾಲಿ ಬಿದ್ದಿರುತ್ತವೆ. ಇದು ಖಾಲಿ ಇರಲಿಲ್ಲ. ಅಂಚಿನಲ್ಲಿ ಎಂಟು ಬೈಕುಗಳು ನಿಂತಿದ್ದವು. ನೆಲದ ಮೇಲೆ ಸುಣ್ಣದಲ್ಲಿ ಉದ್ದಕ್ಕೂ ಎಂಟರ ಆಕಾರದ ಗೆರೆಗಳು. ಗೆರೆಯ ಮೇಲೆ ಅಲ್ಲಲ್ಲಿ, ಕಾಫಿ ಸಸಿ ನೆಡುವ ಕರಿ ಪ್ಲಾಸ್ಟಿಕ್ ಚೀಲಗಳಿಗೆ ಮರಳು ತುಂಬಿ ನಿಲ್ಲಿಸಿದ್ದರು. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಗೋಡೆಗೆ ಕಟ್ಟಿದ ಬಟ್ಟೆಯ ಮೇಲೆ ‘ಸುಧಾರಿತ ಬೈಕ್ ಸವಾರಿ ತರಬೇತಿ, ಎರಡನೇ ಹಂತ’ ಎಂದು ಬರೆದಿತ್ತು.

ಅವಳು ಪಲ್ಪರ್ ಮನೆಯ ಹಿಂದೆ, ತೆರೆದಿಟ್ಟ ಸುಣ್ಣದ ಮೂಟೆಯ ಪಕ್ಕದಲ್ಲಿ ನಿಂತು, ಗೋಡೆಯ ಜಾಲಿಯ ತೂತಿನಿಂದ ನೋಡಿದಳು.

ನಲವತ್ತೈದು ವರ್ಷದ ಅವಳ ಗಂಡ, ಹದಿನೈದು ಎಕರೆ ಕಾಫಿಯ ಯಜಮಾನ, ಮರಳಿನ ಚೀಲಗಳ ನಡುವೆ ನಡೆಯುವವನಿಗಿಂತ ನಿಧಾನವಾಗಿ ಬೈಕು ಓಡಿಸುತ್ತಿದ್ದ. ಪ್ರತಿ ತಿರುವಿಗೂ ಮೊದಲು ಗದ್ದ ತಿರುಗುತ್ತಿತ್ತು, ಆಮೇಲೆ ಬೈಕು. ಬಲಗೈಯ ಎರಡು ಬೆರಳು ಬ್ರೇಕನ್ನು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುತ್ತಿದ್ದವು. ನಾಲ್ಕನೇ ಚೀಲದ ಹತ್ತಿರ ಅವನ ಕಾಲು ನೆಲಕ್ಕೆ ಊರಿತು.

“ಕಾಲು ಇಟ್ರಲ್ಲ ರಾಜೀವಣ್ಣ. ನೆಲ ನೋಡಿದ್ರೆ ನೆಲಕ್ಕೇ ಹೋಗ್ತೀರಿ. ಇನ್ನೊಂದು ಸಲ.”

ಹೇಳಿದವಳು ಮೂವತ್ತರ ಆಸುಪಾಸಿನ, ಗಟ್ಟಿಮುಟ್ಟಾದ, ಮೊಣಕಾಲಿಗೆ ರಕ್ಷೆ ಕಟ್ಟಿದ ಹೆಂಗಸು. ಕಳಸದ ಕಡೆ ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಹುಟ್ಟಿದವಳೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಲೈನಿನ ಹುಡುಗಿ ಇನ್ನೊಂದು ಸಲ ಎಂದರೆ ಅವಳ ಗಂಡ ಮರುಮಾತಾಡದೆ ಬೈಕು ತಿರುಗಿಸುತ್ತಿದ್ದ. ಮನೆಯಲ್ಲಿ ಅನ್ನ ಮೆತ್ತಗಾಯಿತು ಎಂದರೂ ಗಂಟಲೆತ್ತುವವನು.

ದಿವ್ಯಾಳಿಗೆ ಗೋಡೆಗೆ ಒರಗಬೇಕೆನಿಸಿತು. ಇಷ್ಟೇನಾ? ನಗು ಬಂತು, ಅದರ ಹಿಂದೆಯೇ ನಾಚಿಕೆ. ಎದುರಿಗೆ ಹೋಗಿ ನಿಂತು ಎಲ್ಲರೆದುರಿಗೆ ಅವನ ಕಿವಿ ಹಿಂಡಬೇಕೆನಿಸಿತು. ಆದರೆ ಹೋಗಲಿಲ್ಲ. ಬೈಕು ಕಲಿಯುವುದನ್ನು ಹೆಂಡತಿಯಿಂದ ಮುಚ್ಚಿಡುವುದು ಯಾಕೆ? ಹಂದಿ ಅಡ್ಡ ಬಂದರೆ ಅದಕ್ಕೆ ಸವಾರನೇನು ಮಾಡುತ್ತಾನೆ? ಬಿದ್ದವನಿಗೆ ಭಯ ಇರಬಹುದು. ಅವಮಾನ ಯಾಕೆ?

ಟೀ ಬಂತು. ಎಂಟು ಮಂದಿಯೂ ಪಲ್ಪರ್ ಮನೆಯ ಮುಂದಿನ ಕಟ್ಟೆಯ ಮೇಲೆ, ಅವಳಿಂದ ಒಂದು ಗೋಡೆಯ ದೂರದಲ್ಲಿ ಕೂತರು. ಇವತ್ತು ಕಡೇ ಕ್ಲಾಸು, ಘಾಟಿ ಇಳಿಯೋ ಮುಂಚೆ ಒಬ್ಬೊಬ್ಬರೂ ತಾವು ಬಿದ್ದ ಕತೆ ಹೇಳಬೇಕು ಎಂದು ಅರುಣಾ ಹೇಳಿದಳು. ಹೋಂಸ್ಟೇ ನಡೆಸುವ ಪ್ರಶಾಂತ್ ಎಂಬ ಹುಡುಗ, ತಾನು ಎಷ್ಟು ವೇಗದಲ್ಲಿದ್ದೇನೆ ಎಂದು ಮೀಟರಿನ ಫೋಟೋ ತೆಗೆಯಲು ಹೋಗಿ ಬೇಲಿಯೊಳಗೆ ಎದ್ದಿದ್ದನ್ನು ಹೇಳಿದ. ಫೋಟೋ ಚೆನ್ನಾಗಿ ಬಂದಿತ್ತಂತೆ. ಎಲ್ಲರೂ ನಕ್ಕರು. ನಗು ಮುಗಿಯುವಾಗ ರಾಜೀವನ ಸರದಿ.

“ಹಂದಿ ಇರ್ಲಿಲ್ಲ,” ಎಂದ.

“ಯಾವ ಹಂದಿ?”

“ಮನೇಲಿ ಎಲ್ರಿಗೂ ಹಂದಿ ಅಡ್ಡ ಬಂತು ಅಂತ ಹೇಳಿದೀನಿ. ಎಂತದೂ ಅಡ್ಡ ಬಂದಿರ್ಲಿಲ್ಲ. ಇಳಿಜಾರು ಸಿಕ್ತು, ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ಹಿಂದೆ ಅಮ್ಮ ಕೂತಿದ್ರು.”

ಯಾರೂ ನಗಲಿಲ್ಲ. ಆ ಸೀಮೆಯಲ್ಲಿ ಹಾಗೆ ಮಾಡದವರೇ ಕಡಿಮೆ. ದಿವ್ಯಾಳ ಮಾವ ರುದ್ರಪ್ಪನವರು ಕಳಸದಿಂದ ಮನೆಗೆ ಅರ್ಧ ದಾರಿ ಜೀಪಿನ ಇಂಜಿನ್ ಆರಿಸಿಯೇ ಬರುತ್ತಿದ್ದರಂತೆ. ಗುಡ್ಡ ಬಿಟ್ಟಿ ಓಡಿಸ್ತದೆ, ಪೆಟ್ರೋಲು ಯಾಕೆ ಸುಡಬೇಕು ಎನ್ನುತ್ತಿದ್ದರಂತೆ. ಮಗನಿಗೆ ಗಾಡಿ ಕಲಿಸಿದವರೂ ಅವರೇ. ರಾಜೀವ್ ಅದನ್ನೆಲ್ಲ ಹೇಳಿದ, ಆದರೆ ಅಪ್ಪನ ಮೇಲೆ ಹೊರಿಸುವ ಹಾಗೆ ಹೇಳಲಿಲ್ಲ. ಮೊದಲ ಎರಡು ತಿರುವಿಗೆ ಬ್ರೇಕ್ ಹಿಡಿಯಿತು. ಮೂರನೆಯದಕ್ಕೆ ಕಾದು ಮೆತ್ತಗಾಗಿತ್ತು. ಗೇರಿಗೆ ಹಾಕಿ ತಡೆಯೋಣ ಎನ್ನುವಷ್ಟರಲ್ಲಿ ಚರಂಡಿ ಬಂದಿತ್ತು.

“ಅಮ್ಮ ಒಂದು ಮಾತೂ ಆಡ್ಲಿಲ್ಲ. ಆಸ್ಪತ್ರೇಲಿ ಡಾಕ್ಟರ್ ಕೇಳ್ದಾಗ ನನ್ನ ಬಾಯಿಗೆ ಹಂದಿ ಬಂತು. ಆಮೇಲೆ ಅಮ್ಮನೂ ಹಂದಿ ಅಂದ್ರು. ಅವ್ರಿಗೆ ಪೆಟ್ಟಲ್ಲಿ ನೆನಪು ಹೋಗಿ, ನಾನು ಹೇಳಿದ್ದೇ ನಿಜ ಅಂದ್ಕಂಡಿದಾರೆ.”

ಅರುಣಾ, ನಿನ್ನೆ ಸಂಜೆ ಇಲ್ಲಿ ಅಭ್ಯಾಸ ಮುಗಿಸಿ ಮನೆಗೆ ಹೇಗೆ ಹೋದಿರಿ ಎಂದು ಕೇಳಿದಳು.

ರಾಜೀವ್ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಉಮೇಶನ ಗ್ಯಾರೇಜು ಬಾಗಿಲು ಹಾಕಿತ್ತು, ಜೀಪು ಒಳಗೇ ಉಳಿಯಿತು, ಬೈಕು ಮನೆಗೇ ತಂದೆ ಎಂದ. ಹೇಗೆ ತಂದಿರಿ ಎಂದು ಅವಳು ಮತ್ತೆ ಕೇಳಿದಳು.

“ಆಫ್ ಮಾಡ್ಕಂಡು,” ಎಂದ. “ಹೆಂಡ್ತಿಗೆ ಸದ್ದು ಕೇಳ್ತದೆ ಅಂತ.”

“ಮೂರು ವಾರ ನಾನು ಹೇಳಿದ್ದು ಎಂತ ಹಂಗಾದ್ರೆ?”

ಅವಳೇ ಮುಂದುವರಿಸಿದಳು.

“ಬೇಜಾರ್ ಮಾಡ್ಕಬೇಡಿ. ಇವತ್ತು ಎಲ್ರಿಗೂ ಸರ್ಟಿಫಿಕೇಟ್ ಕೊಡ್ತೀನಿ, ನಿಮಗೆ ಕೊಡಲ್ಲ. ಇಂಜಿನ್ ಚಾಲೂ ಇಟ್ಟು, ಗೇರಲ್ಲಿ, ನಿಮ್ಮನೆ ಅಂಗಳದವರೆಗೆ ಇಳೀರಿ. ಕೇಳೋರು ಕೇಳ್ಲಿ. ಆಮೇಲೆ ಬಂದು ಇಸ್ಕಳಿ.”

“ಮಗಳನ್ನ ಕಾಲೇಜಿಗೆ ಹೋಗೋ ಬಸ್ಸಿಗೆ ಬಿಡ್ಬೇಕು ಮೇಡಂ. ಅದಕ್ಕೇ ನಾನು ಬಂದಿದ್ದು.”

“ಅದಕ್ಕೇ ನಾನೂ ಹೇಳ್ತಿರೋದು.”

ದಿವ್ಯಾ ಬಂದ ದಾರಿಯಲ್ಲೇ ಹತ್ತಿ ಹೋದಳು. ಅಂಗಡಿಯವನು, ಅಷ್ಟು ಬೇಗ ಕಲಿತಾಯ್ತಾ ಅಮ್ಮ ಎಂದು ಕೇಳಿದ್ದು ಕೇಳಿಸಿತು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಯೋಚಿಸಿದ್ದು ಆ ಹೆಂಗಸಿನ ಬಗ್ಗೆ ಅಲ್ಲ. ಇನ್ನೊಬ್ಬಳಿದ್ದರೆ ಸಿಟ್ಟು ಮಾಡುವುದು ಸುಲಭವಿತ್ತು. ಹದಿನಾಲ್ಕು ತಿಂಗಳು ಒಂದೇ ಮಂಚದಲ್ಲಿ ಮಲಗಿ, ಇಲ್ಲದ ಹಂದಿಯನ್ನು ತನಗೂ ಹೇಳಿದವನು. ತಾಯಿಯ ಕಾಲು ಮುರಿದ ಅದೇ ಕೆಲಸವನ್ನು, ಕಲಿಯುತ್ತ ಇದ್ದಾಗಲೇ, ನಿನ್ನೆ ರಾತ್ರಿ ಮತ್ತೆ ಮಾಡಿದವನು. ಮೂರು ವಾರ ಮರಳಿನ ಚೀಲ ಸುತ್ತಿದರೆ ಇಷ್ಟು ವರ್ಷದ ಕೈ ಬದಲಾಗುತ್ತದೆಯೇ? ಇವತ್ತು ಎಂಟು ಜನರೆದುರಿಗೆ ನಿಜ ಹೇಳಿದವನು, ನಾಳೆ ಇಳಿಜಾರಿನಲ್ಲಿ ಯಾರೂ ಇಲ್ಲದಾಗ ಕೀಲಿ ತಿರುಗಿಸುವುದಿಲ್ಲ ಎಂದು ಯಾರು ಹೇಳುತ್ತಾರೆ? ಮತ್ತೆ ಪಾಪ ಅತ್ತೆ, ನೆನಪು ಹೋಗಿ, ಮಗ ಹೇಳಿದ್ದನ್ನೇ ನಂಬಿಕೊಂಡು, ಅದಕ್ಕೆ ಕೋರೆ ಕಟ್ಟುತ್ತ ಕೂತವರು. ಅವರಿಗಾದರೂ ಹೇಳಬೇಡವೇ?

ಮನೆ ಸೇರುವಾಗ ನಾಲ್ಕು ಗಂಟೆ. ವಿಮಲಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕಾಳುಮೆಣಸು ಹಸನು ಮಾಡುತ್ತಿದ್ದರು. ಹಾಸ್ಟೆಲ್ ಹೇಗಿದೆ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಳಗೆ ಹೋಗಿ ಅರ್ಜಿಯ ಮುಂದೆ ಕೂತು ಪೆನ್ನು ತೆಗೆದಳು. ಹೆಸರು, ವಿಳಾಸ, ತಂದೆಯ ಹೆಸರು ಬರೆದಿತ್ತು. ಸಹಿಯ ಜಾಗಕ್ಕೆ ಬರುವಾಗ ಫೋನು ಬಡಿಯಿತು.

“ಅಮ್ಮಾ, ಅಪ್ಪ ಟೈಲರ್ ಹತ್ರ ಸಿಕ್ರು. ಬೈಕ್ ರಿಪೇರಿ ಆಗಿದೆ. ಅಪ್ಪನ ಜತೆ ಬರ್ತೀನಿ, ಆಯ್ತಾ?”

ದಿವ್ಯಾ ಪೆನ್ನು ಕೆಳಗಿಟ್ಟಳು. ಬೇಡ, ಅಲ್ಲೇ ಇರು, ಜೀಪಲ್ಲಿ ಬಾ ಎಂಬ ಮಾತು ನಾಲಿಗೆಯವರೆಗೆ ಬಂತು. ಜೀಪು ಅದೇ ಗ್ಯಾರೇಜಿನಲ್ಲಿ ಸರಿಯಾಗಿಯೇ ನಿಂತಿದೆ ಎಂದು ಅವಳಿಗೀಗ ಗೊತ್ತಿತ್ತು. ಒಂದು ಮಾತು ಸಾಕಾಗಿತ್ತು.

“ಹೆಲ್ಮೆಟ್?”

“ಎರಡಿದೆ. ನಂಗೆ ಹೊಸದು ತಂದಿದಾರೆ. ಅಮ್ಮ, ಬೇಡ ಅನ್ಬೇಡ ಮಾರಾಯ್ತಿ.”

“ಅಪ್ಪಂಗೆ ಕೊಡು.” ಫೋನು ಕೈ ಬದಲಾಯಿತು. ಆ ಕಡೆ ಅವನ ಉಸಿರು ಕೇಳಿಸಿತು, ಅಚ್ಚುಕಟ್ಟಿಲ್ಲದ ಉಸಿರು. ಅವಳು ಬಹಳ ಹುಡುಕಿ ಒಂದು ಮಾತು ಆರಿಸಿದಳು. “ನಾನು ಜಗಲೀಲೇ ಕೂತಿರ್ತೀನಿ.”

ಅವನು ಸ್ವಲ್ಪ ತಡೆದು, ಸರಿ ಎಂದ.

ಅವಳು ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತಳು. ವಸ್ತಾರೆಯಿಂದ ಮೇಲಿನ ತಿರುವಿಗೆ ಇಪ್ಪತ್ತು ನಿಮಿಷ. ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ತೋಟದೊಳಗೆ ಜೀರುಂಡೆ ಹಿಡಿದುಕೊಂಡಿತ್ತು. ಎಂದೂ ಕೇಳಿಸದ ಸದ್ದುಗಳೆಲ್ಲ ಕೇಳಿಸಿದವು: ಮೊರದಲ್ಲಿ ಮೆಣಸು ಉರುಳುವುದು, ಬಚ್ಚಲ ಒಲೆಯಲ್ಲಿ ಸೌದೆ ಸಿಡಿಯುವುದು. ಕಾಯಬೇಕಾದ್ದು ಸದ್ದನ್ನೋ, ಸದ್ದಿಲ್ಲದ್ದನ್ನೋ? ಸದ್ದಿಲ್ಲದ್ದು ಬರುವುದು ಕೇಳಿಸುವುದಾದರೂ ಹೇಗೆ?

ಆಮೇಲೆ ಮೇಲಿನಿಂದ ಬೈಕು ಕೇಳಿಸಿತು. ಟಾರು ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಅಲ್ಲಿ ರುದ್ರಪ್ಪನವರ ಕಾಲದಿಂದ ಇಂಜಿನ್ ಆರಿಸುವ ಜಾಗ. ಆರಲಿಲ್ಲ. ಗುರುಗುಟ್ಟುತ್ತ, ಹಿಡಿದು ಹಿಡಿದು ಇಳಿಯಿತು. ದೊಡ್ಡ ಅತ್ತಿಮರದ ತಿರುವಿನಲ್ಲಿ ಸದ್ದು ತಟ್ಟನೆ ತಗ್ಗಿ, ಇಲ್ಲವಾಯಿತು. ದಿವ್ಯಾ ಎದ್ದು ನಿಂತಳು. ಪಕ್ಕದಲ್ಲಿ ಮೊರವೂ ನಿಂತಿತು.

ಒಂದು ಉಸಿರು. ಎರಡು.

ಮಣ್ಣಿನ ದರೆಯ ಮರೆಯಿಂದ ಸದ್ದು ಮತ್ತೆ ಹೊರಬಿತ್ತು, ಮೊದಲಿಗಿಂತ ಗಟ್ಟಿಯಾಗಿ.

“ಗೇರಲ್ಲೇ ಇದೆ,” ಎಂದರು ವಿಮಲಮ್ಮ.

ದಿವ್ಯಾ ತಿರುಗಿ ನೋಡಿದಳು. ಬೈಕು ಹತ್ತಿ ಕೂರುವುದು ಬಿಟ್ಟರೆ ಅದರ ಬಗ್ಗೆ ಏನೂ ಗೊತ್ತಿಲ್ಲದ ಹೆಂಗಸು.

“ನಿಮಗೆ ಹೆಂಗೆ ಗೊತ್ತು ಅತ್ತೆ?”

ವಿಮಲಮ್ಮ ರಾಡ್ ಇರುವ ಕಾಲನ್ನು ಎರಡೂ ಕೈಯಿಂದ ಸ್ವಲ್ಪ ಸರಿಸಿಕೊಂಡರು. “ಅವತ್ತು ಬರೀ ಗಾಳಿ ಕೇಳ್ತಿತ್ತು,” ಎಂದರು. “ಇಷ್ಟು ಸದ್ದು ಇರ್ಲಿಲ್ಲ.” ಮತ್ತೆ ಮೊರ ಎತ್ತಿಕೊಂಡರು. “ನಿನ್ನೆ ರಾತ್ರಿನೂ ಇರ್ಲಿಲ್ಲ.”

ಮಗನ ನಾಲಿಗೆಗೆ ಬಂದ ಒಂದು ಬಡಕಲು ಹಂದಿಗೆ, ಮಾತು ಮಾತಿಗೆ ಮೈ ತುಂಬಿಸಿ, ಕೋರೆ ಕೊಟ್ಟು, ಮರಿ ಕೊಟ್ಟು, ಯಾರೂ ಅನುಮಾನಿಸದ ಹಾಗೆ ನಿಲ್ಲಿಸಿದವರು ಇವರು. ನೆನಪು ಹೋಗಿದ್ದರಿಂದಲ್ಲ.

ಬೈಕು ಅಂಗಳಕ್ಕೆ ಬಂದು ನಿಂತಿತು. ರಾಜೀವ್ ಎಲ್ಲರಿಗೂ ಕೇಳುವ ಹಾಗೆ ಒಂದು ಗಳಿಗೆ ಇಂಜಿನ್ ಚಾಲೂ ಇಟ್ಟೇ ಕೂತಿದ್ದು, ಆಮೇಲೆ ಆರಿಸಿದ. ಕೃತಿಕಾ ಹಾರಿ ಇಳಿದು ಹೊಸ ಹೆಲ್ಮೆಟ್ಟನ್ನು ಅಜ್ಜಿಗೆ ತೋರಿಸಲು ಓಡಿ ಬಂದಳು. ಅಪ್ಪ ಎಷ್ಟು ನಿಧಾನ ಅಂದರೆ ದಾರಿಯಲ್ಲಿ ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿತು ಎಂದಳು.

“ಹಂದಿ ಎಂತಾದ್ರೂ ಅಡ್ಡ ಬಂತನ?” ಎಂದು ವಿಮಲಮ್ಮ ಮಗನನ್ನು ಕೇಳಿದರು.

ರಾಜೀವ್ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ತಲೆ ಎತ್ತಲಿಲ್ಲ. “ಇಲ್ಲಮ್ಮ,” ಎಂದ. ಆಮೇಲೆ ಹೆಂಡತಿಯ ಕಡೆ ನೋಡಿದ, ಏನೋ ಹೇಳುವವನ ಹಾಗೆ. “ಉಮೇಶ ಕಡೆಗೂ ರಿಪೇರಿ ಮಾಡ್ಕೊಟ್ಟ,” ಎಂದಷ್ಟೇ ಹೇಳಿದ.

“ಆಯ್ತಲ್ಲ,” ಎಂದಳು ದಿವ್ಯಾ. “ಕೈಕಾಲು ತೊಳ್ಕಳಿ, ಕಾಫಿ ಇಡ್ತೀನಿ.”

ಒಳಗೆ ಹೋಗುವಾಗ ಅವಳ ಕಣ್ಣು ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಯ ಮೇಲೆ ಬಿತ್ತು. ಅಂಚಿನ ಸುತ್ತ ಬಿಳಿ ಸುಣ್ಣ, ಅವನ ಮುಂದಿನ ಟೈರಿನಲ್ಲಿದ್ದಂಥದ್ದೇ. ಇಷ್ಟು ಹೊತ್ತು ಅದು ಎಲ್ಲರ ಕಣ್ಣೆದುರಿಗೇ ಇತ್ತು. ಅವಳು ಚಪ್ಪಲಿ ಎತ್ತಿಕೊಂಡು ಬಚ್ಚಲಿಗೆ ಹೋಗಿ, ತೆಂಗಿನ ನಾರಿನಿಂದ ಅಂಚುಗಳನ್ನೆಲ್ಲ ತಿಕ್ಕಿ, ನೀರು ತಿಳಿಯಾಗುವವರೆಗೆ ತೊಳೆದಳು.

ಹಾಸ್ಟೆಲಿನ ಅರ್ಜಿಯನ್ನು ಹರಿಯಲಿಲ್ಲ. ಮಡಚಿ, ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಳು. ಸಂಜೆ ಸಂಜೆ ಜಗಲಿಯಲ್ಲಿ ಕೂತು ಕೇಳಬೇಕು, ಒಂದು ದಿನವೂ ತಪ್ಪಿಸಬಾರದು. ಆದರೆ ಅತ್ತಿಗುಂಡಿಗೆ ಹೋಗಿದ್ದನ್ನು, ಗೋಡೆಯ ಹಿಂದೆ ನಿಂತು ಕೇಳಿದ್ದನ್ನು ಅವನಿಗೆ ಹೇಳಬಾರದು. ಅತ್ತೆ ಜಗಲಿಯಲ್ಲಿ ಆಡಿದ ಮಾತನ್ನೂ ಅವನಿಗೆ ಹೇಳಬಾರದು. ಅತ್ತೆಗೆ ಅವನ ಮಾತು ಹೇಳಬಾರದು, ಮಗಳಿಗೆ ಯಾವುದನ್ನೂ ಹೇಳಬಾರದು. ಕಾಫಿ ಕುದಿಯುವಷ್ಟರಲ್ಲಿ ಅವಳು ಅಷ್ಟನ್ನೂ ತೀರ್ಮಾನಿಸಿದ್ದಳು.

ಹೊರಗೆ ಅಂಗಳದಲ್ಲಿ ಬೈಕು ಟಿಕ್ ಟಿಕ್ ಎಂದು ತಣಿಯುತ್ತಿತ್ತು.